ಅಬುಧಾಬಿಯಲ್ಲಿ ಅಪ್ಪಣೆಯಿಲ್ಲದೆ ಆದ ಮದುವೆ

ಅಬುಧಾಬಿಯ ಚರ್ಚಿನ ಕಚೇರಿಯಲ್ಲಿ ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಶೈನಿ ಎಂಬ ಹುಡುಗಿ ಕುಳಿತಿದ್ದಾಳೆ. ಶಿರ್ವದ ಕಡೆಯವಳು, ಬಹಳ ಚುರುಕು. ಕಂಪ್ಯೂಟರಿನ ಮೇಲೆ ಅವಳ ಬೆರಳು ಓಡುವುದನ್ನು ನೋಡಿದರೆ ನನಗೆ ತಲೆ ತಿರುಗುತ್ತದೆ. ಕೆಲಸವನ್ನೆಲ್ಲ ಅವಳಿಗೆ ಒಪ್ಪಿಸಿ, ವೀಸಾ ಮುಗಿಸಿ, ಮೂಡುಬಿದಿರೆಗೆ ಬಂದು ಕಾಲು ಚಾಚಿ ಕುಳಿತ ಮೇಲೂ ಅವಳ ಫೋನು ಬರುವುದು ನಿಂತಿಲ್ಲ. ಮೊನ್ನೆ ಸಿಟ್ಟಿನಲ್ಲೇ ಮಾಡಿದ್ದಳು.

“ಆಂಟಿ, ಇದೆಂತ ರಗಳೆ? ಊರಿಂದ ಬಂದ ಫಾದರ್ ಒಬ್ರು ತಮ್ಮನ ಮಗನ ಮದುವೆ ಮಾಡಿಸ್ತಾರಂತೆ. ಅದಕ್ಕೆ ಇಲ್ಲಿನ ಫಾದರ್ ಅಧಿಕಾರ ಕೊಡ್ಬೇಕು, ಇಲ್ಲಾಂದ್ರೆ ಮದುವೆ ಮದುವೆಯೇ ಅಲ್ಲ ಅಂತ ನೀವು ಹೇಳಿಕೊಟ್ರಿ. ಅವರಿಗೆ ಹೇಳಿದ್ರೆ ನನ್ನ ಮೇಲೆ ಸಿಟ್ಟು ಮಾಡ್ತಾರೆ. ಫಾದರ್ ಅಂದ್ರೆ ಫಾದರ್, ಮದುವೆ ಅಂದ್ರೆ ಮದುವೆ, ಅಲ್ವಾ?”

ಅಲ್ಲ ಮಗಾ, ಅಲ್ಲ ಎಂದೆ. ಯಾಕೆ ಅಲ್ಲ ಎಂದು ಫೋನಿನಲ್ಲಿ ಹೇಳಲು ಹೊರಟರೆ ಪ್ರೆಸಿಲ್ಲಾಳ ಮದುವೆಯ ಕಥೆ ಹೇಳಬೇಕಾಗುತ್ತದೆ. ಅದನ್ನು ಹೇಳಬೇಕಾದರೆ ಆ ಕಚೇರಿ ಎಂಥದ್ದು, ಅಲ್ಲಿನ ಫಾದರುಗಳು ಎಂಥವರು ಎಂಬುದನ್ನೂ ಹೇಳಬೇಕು. ಅದಕ್ಕೇ ಬರೆಯಲು ಕುಳಿತೆ. ನನಗೆ ಮಾತಿಗೆ ಕೊಂಕಣಿ, ಪೇಟೆಗೆ ತುಳು, ಬರೆಯುವುದಕ್ಕೆ ಮಾತ್ರ ಕನ್ನಡ. ಶಾಲೆಯಲ್ಲಿ ಟೀಚರು ಕೋಲು ಹಿಡಿದು ಕಲಿಸಿದ್ದು ಅದೊಂದೇ.

ನಾನು ಅಲ್ಲಿಗೆ ಸೇರಿದ್ದು ದೇವರ ಕರೆಯಿಂದಲ್ಲ, ಟೈಪಿಂಗಿನಿಂದ. ಗಂಡನಿಗೆ ಅಲ್ಲಿನ ಖಾಲಿದಿಯಾ ಬಡಾವಣೆಯ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್ ಕೆಲಸ. ನಾನು ಮನೆಯಲ್ಲಿ ಕುಳಿತು ಕುಳಿತು ಅವರ ತಲೆ ತಿನ್ನುತ್ತಿದ್ದೆ. ಚರ್ಚಿನ ಕಚೇರಿಗೆ ಟೈಪ್ ಗೊತ್ತಿರುವವರು ಬೇಕು ಎಂದು ಪೂಜೆಯ ಕೊನೆಯಲ್ಲಿ ಹೇಳಿದ್ದೇ ತಡ, ನನ್ನ ಗಂಡ ನನಗಿಂತ ಮೊದಲು ಎದ್ದು ನಿಂತು ನನ್ನ ಕಡೆ ಬೆರಳು ತೋರಿಸಿದರು. ಮನೆಯ ಶಾಂತಿಗಾಗಿ ಹೆಂಡತಿಯನ್ನು ಚರ್ಚಿಗೆ ದಾನ ಮಾಡಿದ ಪುಣ್ಯಾತ್ಮ ಅವರು.

ಮೊದಲ ದಿನವೇ ಒಂದು ಪೆಟ್ಟು ತಿಂದೆ. ಒಂದು ಪತ್ರ ಟೈಪ್ ಮಾಡುತ್ತಾ ಊರಿನ ಅಭ್ಯಾಸದಂತೆ ‘ಅಬುಧಾಬಿ ಧರ್ಮಪ್ರಾಂತ್ಯ’ ಎಂದು ಇಂಗ್ಲಿಷಿನಲ್ಲಿ ಹೊಡೆದೆ. ಪ್ರಧಾನ ಧರ್ಮಗುರು ಫಾದರ್ ಆಂಜೆಲೋ ಅದನ್ನು ಓದಿ ಗಹಗಹಿಸಿ ನಕ್ಕರು. ಅವರು ಇಟಲಿಯ ಕಪುಚಿನ್ ಸನ್ಯಾಸಿ. ಕಂದು ನಿಲುವಂಗಿ, ಸೊಂಟಕ್ಕೆ ಬಿಳಿ ಹಗ್ಗ, ಆ ಸೆಕೆಯಲ್ಲೂ ಕಾಲಿಗೆ ಬರೇ ಚಪ್ಪಲಿ. “ಧರ್ಮಪ್ರಾಂತ್ಯ ನಿಮ್ಮ ಮಂಗಳೂರಲ್ಲಿ. ಇಲ್ಲಿರೋದು ವಿಕಾರಿಯೇಟ್” ಎಂದು ಹೇಳಿ, ಕುರ್ಚಿ ಎಳೆದುಕೊಂಡು ಪಾಠ ಶುರು ಮಾಡಿದರು.

ಆ ಪಾಠವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಮ್ಮೂರಿನಲ್ಲಿ ಧರ್ಮಪ್ರಾಂತ್ಯವೆಂದರೆ ಬೇರು ಬಿಟ್ಟ ಮರ. ಅಜ್ಜ ಜ್ಞಾನಸ್ನಾನ ಪಡೆದ ಚರ್ಚಿನಲ್ಲೇ ಮೊಮ್ಮಗನಿಗೂ ಜ್ಞಾನಸ್ನಾನ, ಕೊನೆಗೆ ಅಲ್ಲೇ ಹಿಂದುಗಡೆ ಇಬ್ಬರಿಗೂ ಮಣ್ಣು. ಬಿಷಪರು ಆ ಪ್ರಾಂತ್ಯದ ಸ್ವಂತ ಒಡೆಯರು. ಅರಬಿ ನಾಡಿನಲ್ಲಿ ಹಾಗಲ್ಲ. ಅಲ್ಲಿ ಪ್ರಾಂತ್ಯದ ಒಡೆಯರು ಪೋಪರೇ, ಅವರ ಪರವಾಗಿ ನಡೆಸುವವರು ಬಿಷಪರು, ಅದಕ್ಕೇ ವಿಕಾರಿಯೇಟ್ ಎಂಬ ಹೆಸರು. ಹಿಂದೆ ಯೆಮೆನಿನ ಏಡನ್ ಬಂದರಿನಲ್ಲಿ ಹಡಗಿನವರಿಗೂ ಸೈನಿಕರಿಗೂ ಎಂದು ಕಪುಚಿನ್ನರು ನೋಡಿಕೊಳ್ಳುತ್ತಿದ್ದ ಸಣ್ಣ ಸಂಸಾರ ಅದು. ಏಡನ್ನಿನಲ್ಲಿ ಕಾಲ ಕೆಟ್ಟಿತು, ಈ ಕಡೆ ಎಣ್ಣೆ ಸಿಕ್ಕಿ ಜನ ಬರತೊಡಗಿದರು, ಬಿಷಪರ ಪೀಠವೂ ಅಬುಧಾಬಿಗೆ ಬಂತು. ಎಮಿರೇಟ್ಸು, ಒಮಾನು, ಯೆಮೆನು ಮೂರೂ ಒಂದೇ ಮನೆ. ಚರ್ಚು ನಿಂತಿರುವ ನೆಲ ಇಲ್ಲಿನ ದೊರೆಗಳು ಕೊಟ್ಟದ್ದು. ಗೋಪುರದ ಮೇಲೆ ಶಿಲುಬೆ ಇಲ್ಲ, ಗಂಟೆಯ ಸದ್ದಿಲ್ಲ, ಪೂಜೆ ಪ್ರಾರ್ಥನೆ ಏನಿದ್ದರೂ ಕಾಂಪೌಂಡಿನ ಒಳಗೆ. ಒಳಗೆ ಮಾತ್ರ ಯಾರೂ ನಮ್ಮನ್ನು ಯಾಕೆ ಎಂದು ಕೇಳಿದ್ದಿಲ್ಲ.

ಪಾಠದ ಕೊನೆಗೆ ಫಾದರ್ ಆಂಜೆಲೋ ಒಂದು ಮಾತು ಹೇಳಿದರು. “ಇಲ್ಲಿ ಯಾರೂ ಊರಿನವರಲ್ಲ. ನೀನೂ ಅಲ್ಲ, ನಾನೂ ಅಲ್ಲ, ಬಿಷಪರೂ ಅಲ್ಲ. ಎಲ್ಲರೂ ವೀಸಾದವರು.” ನನಗೆ ಅದು ಕೇಳಿ ಎಂಥದೋ ಧೈರ್ಯ ಬಂತು. ಊರಿನ ಚರ್ಚಿನಲ್ಲಿ ಮುಂದಿನ ಬೆಂಚು ಯಾವ ಮನೆತನದವರಿಗೆ ಎಂಬ ಲೆಕ್ಕ ನೋಡಿ ಬೆಳೆದವಳು ನಾನು. ಇಲ್ಲಿ ಮೊದಲು ಬಂದವರಿಗೆ ಮೊದಲ ಬೆಂಚು.

ನನ್ನ ನಿಜವಾದ ಕೆಲಸ ಜಗಳ ಬಿಡಿಸುವುದು. ಅದನ್ನು ಯಾವ ನೇಮಕಪತ್ರದಲ್ಲೂ ಬರೆದಿರುವುದಿಲ್ಲ. ಒಂದೇ ಚರ್ಚು, ಒಂದು ದೊಡ್ಡ ಹಾಲು, ಕೆಲವು ಕೋಣೆಗಳು. ಪೂಜೆ ಮಾತ್ರ ಇಂಗ್ಲಿಷಿನಲ್ಲಿ, ಮಲಯಾಳದಲ್ಲಿ, ತಮಿಳಿನಲ್ಲಿ, ಫಿಲಿಪೀನ್ಸಿನವರ ತಗಾಲೊಗಿನಲ್ಲಿ, ಅರಬಿಯಲ್ಲಿ, ಉರ್ದುವಿನಲ್ಲಿ, ಸಿಂಹಳದಲ್ಲಿ, ನಮ್ಮ ಕೊಂಕಣಿಯಲ್ಲಿ, ಮತ್ತೆ ನಾನು ಹೆಸರು ಮರೆತ ಎಷ್ಟೋ ಭಾಷೆಗಳಲ್ಲಿ. ಆಗ ಶುಕ್ರವಾರ ರಜೆ, ಹಾಗಾಗಿ ನಮ್ಮ ‘ಭಾನುವಾರ’ವೂ ಶುಕ್ರವಾರವೇ. ಸಂಜೆಯ ತಂಪಿನ ಹೊತ್ತು ಎಲ್ಲರಿಗೂ ಬೇಕು. ತಮಿಳರ ಗಾಯನ ಬಳಗಕ್ಕೆ ಕೊಟ್ಟ ಕೋಣೆಯಲ್ಲಿ ಮಲಯಾಳಿಗಳ ಯುವಕ ಸಂಘ ಮೊದಲೇ ಹೋಗಿ ಕೂರುವುದು, ಇಬ್ಬರೂ ನನ್ನ ಮೇಜಿನ ಮುಂದೆ ಬಂದು ನಿಲ್ಲುವುದು ವಾರವಾರದ ಪೂಜಾವಿಧಿ. ಎರಡೂ ಕಡೆಯವರಿಗೆ ಚಹಾ ಕೊಟ್ಟು, ಯಾರ ಲೋಟ ಮೊದಲು ಖಾಲಿಯಾಗುತ್ತದೋ ಅವರನ್ನು ಸಣ್ಣ ಕೋಣೆಗೆ ಕಳಿಸುತ್ತಿದ್ದೆ. ಕಾರಣ ಕೇಳಿದರೆ, ಬೇಗ ಕುಡಿದವರಿಗೆ ಅವಸರ, ಅವಸರದವರಿಗೆ ದೊಡ್ಡ ಕೋಣೆ ಯಾಕೆ ಎನ್ನುತ್ತಿದ್ದೆ. ಆಮೇಲೆ ಆಮೇಲೆ ಎಲ್ಲರೂ ಚಹಾವನ್ನು ಗುಟುಕರಿಸದೆ ಹಿಡಿದುಕೊಂಡೇ ನಿಲ್ಲತೊಡಗಿದ್ದರಿಂದ ಆ ಉಪಾಯ ಬಿಟ್ಟುಬಿಟ್ಟೆ.

ಈಗ ವಾರದ ರಜೆ ಶನಿವಾರ ಭಾನುವಾರಕ್ಕೆ ಬದಲಾಗಿದೆ. ಹೆಸರು ನೋಂದಾಯಿಸುವುದು, ಮಕ್ಕಳ ಧರ್ಮಶಿಕ್ಷಣ, ಎಲ್ಲ ಮೊಬೈಲಿನಲ್ಲಿ. ಕಿಟಕಿಯ ಮುಂದೆ ಸಾಲು ಇಲ್ಲ. ಶೈನಿಗೆ ಅದು ಸುಖ, ನನಗೂ ಹೊಟ್ಟೆಕಿಚ್ಚಿಲ್ಲ. ಆದರೆ ಸಾಲಿನಲ್ಲಿ ನಿಂತವರ ಮುಖ ನೋಡಿಯೇ ಯಾರಿಗೆ ಮದುವೆಯ ಕಾಗದ ಬೇಕು, ಯಾರಿಗೆ ಅಳುವುದಕ್ಕೊಂದು ಜಾಗ ಬೇಕು ಎಂದು ತಿಳಿಯುತ್ತಿತ್ತು. ಮೊಬೈಲಿನಲ್ಲಿ ಬರುವ ಅರ್ಜಿಗೆ ಮುಖ ಇರುವುದಿಲ್ಲ.

ಹಾಗೆ ಸಾಲಿನಲ್ಲಿ ನಿಂತು ನನಗೆ ಪರಿಚಯವಾದವಳು ಪ್ರೆಸಿಲ್ಲಾ. ಅಲ್ ಐನಿನ ಆಸ್ಪತ್ರೆಯಲ್ಲಿ ನರ್ಸು, ಬೆಳ್ತಂಗಡಿ ಕಡೆಯ ಹುಡುಗಿ. ಹುಡುಗ ಡೆನ್ಜಿಲ್ ದುಬಾಯಿಯಲ್ಲಿ ಲಾಜಿಸ್ಟಿಕ್ಸ್ ಕಂಪನಿಯ ಕೆಲಸಗಾರ. ಹುಡುಗನ ಅಕ್ಕನ ಮನೆ ಅಬುಧಾಬಿಯಲ್ಲಿ ಇದ್ದುದರಿಂದ ಮದುವೆಯೂ ಅಬುಧಾಬಿಯಲ್ಲಿ ಎಂದಾಯಿತು. ಪ್ರೆಸಿಲ್ಲಾ ಸಣ್ಣವಳಿರುವಾಗಲೇ ಅಪ್ಪ ತೀರಿಕೊಂಡಿದ್ದರು. ಆಮೇಲೆ ಆ ಮನೆಗೆ ಗಂಡುದಿಕ್ಕಾಗಿ ನಿಂತವರು ಅವಳ ತಾಯಿಯ ತಮ್ಮ ಫಾದರ್ ಲಿಗೋರಿ. ತಿಂಗಳ ರಜೆಯಲ್ಲಿ ಬಂದು ಅವಳ ಪುಸ್ತಕಕ್ಕೆ ರಟ್ಟು ಹಾಕಿಕೊಟ್ಟವರು, ನರ್ಸಿಂಗಿಗೆ ಸೇರಿಸಲು ಬಸ್ಸಿನಲ್ಲಿ ಬೆಂಗಳೂರಿನವರೆಗೆ ಜೊತೆಯಲ್ಲಿ ಹೋದವರು.

“ಆಂಟಿ, ನಂಗೆ ಹಾಲ್ ದೊಡ್ಡದು ಬೇಡ, ಡೆಕೊರೇಶನ್ ಬೇಡ” ಎಂದಿದ್ದಳು ಪ್ರೆಸಿಲ್ಲಾ. “ಮಾಮನೇ ಊರಿಂದ ಬಂದು ಮದುವೆ ಮಾಡಿಸ್ಬೇಕು. ಅದೊಂದೇ.”

ಇದಕ್ಕೆ ನಮ್ಮಲ್ಲಿ ಅಡ್ಡಿ ಏನೂ ಇಲ್ಲ. ಆದರೆ ನಿಯಮ ಒಂದುಂಟು, ಶೈನಿ ಗೊಣಗುವುದು ಇದಕ್ಕೇ. ಪೂಜೆಯನ್ನು ಯಾವ ಗುರುಗಳು ಎಲ್ಲಿ ಮಾಡಿದರೂ ಪೂಜೆಯೇ. ಮದುವೆ ಹಾಗಲ್ಲ. ಆ ಚರ್ಚಿನ ಪ್ರಧಾನ ಧರ್ಮಗುರುಗಳೇ ಮಾಡಿಸಬೇಕು, ಇಲ್ಲವೇ ಅವರು ‘ಈ ಮದುವೆಯನ್ನು ನೀವು ಮಾಡಿಸಿ’ ಎಂದು ಇನ್ನೊಬ್ಬರಿಗೆ ಅಧಿಕಾರ ಕೊಡಬೇಕು. ಕೊಡದಿದ್ದರೆ ಉಂಗುರ, ಹೂವು, ಹಾಡು, ಕಣ್ಣೀರು ಎಲ್ಲ ಇದ್ದೂ ಮದುವೆ ಆಗಿರುವುದಿಲ್ಲ. ನಮ್ಮ ಚರ್ಚಿನ ರೂಢಿಯೆಂದರೆ, ಮದುವೆಗೆ ಸ್ವಲ್ಪ ಮೊದಲು, ಪೂಜಾವಸ್ತ್ರ ತೊಡುವ ಕೋಣೆಯಲ್ಲಿ, ಫಾದರ್ ಆಂಜೆಲೋ ಬಂದ ಗುರುಗಳ ಕೈ ಹಿಡಿದು ಬಾಯಿಮಾತಿನಲ್ಲಿ ಅಧಿಕಾರ ಕೊಡುವುದು.

ಆ ಶುಕ್ರವಾರ ಮಧ್ಯಾಹ್ನ ಮದುವೆ. ಅದಕ್ಕೆ ಸ್ವಲ್ಪ ಮೊದಲು ಆಸ್ಪತ್ರೆಯೊಂದರಿಂದ ಕರೆ ಬಂತು. ಒಬ್ಬ ಕೂಲಿಯವನಿಗೆ ಜೀವ ಹೋಗುವ ಹಾಗಿದೆ ಎಂದು ಫಾದರ್ ಆಂಜೆಲೋ ರೋಗಿಯ ಹಣೆಗೆ ಹಚ್ಚುವ ಪವಿತ್ರ ಎಣ್ಣೆಯ ಡಬ್ಬಿ ಹಿಡಿದು ಓಡಿದರು. ಹೋಗುವಾಗ, ಸಹಾಯಕ ಗುರು ಫಾದರ್ ಜೋಬಿ ಇದ್ದಾರಲ್ಲ, ಅಧಿಕಾರ ಅವರು ಕೊಡುತ್ತಾರೆ ಎಂದುಕೊಂಡರು. ಫಾದರ್ ಜೋಬಿ ತ್ರಿಶೂರಿನವರು, ಚರ್ಚಿನ ಕಾನೂನು ಓದಿಕೊಂಡವರು. ಅವರು, ಅಧಿಕಾರ ಕೊಟ್ಟೇ ಫಾದರ್ ಆಂಜೆಲೋ ಹೋಗಿದ್ದಾರೆ ಎಂದುಕೊಂಡರು. ಹತ್ತು ಜನ ಇದ್ದಲ್ಲಿ ಹಾವು ಸಾಯುವುದಿಲ್ಲ ಅನ್ನುತ್ತಾರೆ. ಇಬ್ಬರು ಇದ್ದರೂ ಸಾಯುವುದಿಲ್ಲ ಎಂದು ನನಗೆ ಅವತ್ತು ತಿಳಿಯಿತು.

ಫಾದರ್ ಲಿಗೋರಿಗಾದರೂ ಗೊತ್ತಾಗಬೇಡವೇ ಎಂದು ನೀವು ಕೇಳಬಹುದು. ಪಾಪ, ಅವರು ಜೀವಮಾನವಿಡೀ ಹಳ್ಳಿಯ ಚರ್ಚುಗಳ ಪ್ರಧಾನ ಗುರುವಾಗಿದ್ದವರು. ಅಲ್ಲಿ ಅವರೇ ದೊರೆ, ಅವರದೇ ಅಪ್ಪಣೆ. ಇನ್ನೊಬ್ಬರನ್ನು ಕೇಳುವ ಸಂದರ್ಭವೇ ಬಂದಿರಲಿಲ್ಲ. ಹೊತ್ತಾಯಿತು ಎಂದದ್ದೇ ಗುರುಗಳ ಉದ್ದ ಪಟ್ಟಿಯಾದ ಸ್ಟೋಲು ಕೊರಳಿಗೆ ಹಾಕಿ, ಮದುವೆಯ ವಿಧಿಯ ಕೊಂಕಣಿ ಪುಸ್ತಕ ಕೈಯಲ್ಲಿ ಹಿಡಿದು ಹೊರಟೇಬಿಟ್ಟರು. ಪುಸ್ತಕದಿಂದ ಕಣ್ಣೆತ್ತದೆ, ನಡುಗುವ ದನಿಯಲ್ಲಿ ಮದುವೆ ಮಾಡಿಸಿದರು. ಚಪ್ಪಾಳೆ, ಫೋಟೋ, ಎಲ್ಲ ಸಾಂಗವಾಗಿ ಮುಗಿಯಿತು.

ಸಂಜೆ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲಿನಲ್ಲಿ ಊಟ. ‘ಸಣ್ಣ’ ಎಂಬ ನಮ್ಮ ಉಬ್ಬಿದ ಇಡ್ಲಿ, ಕೋಳಿ ಸುಕ್ಕ, ಬ್ಯಾಂಡು, ನಿರೂಪಕನ ಹಳೆಯ ಜೋಕುಗಳು. ನಾನು ತಟ್ಟೆ ಹಿಡಿದು ನಿಂತಿದ್ದೆ. ಆಸ್ಪತ್ರೆಯಿಂದ ನೇರ ಬಂದ ಫಾದರ್ ಆಂಜೆಲೋ ಸಂತೋಷದಲ್ಲಿದ್ದರು, ಆ ಕೂಲಿಯವನು ಕಣ್ಣು ಬಿಟ್ಟಿದ್ದನಂತೆ. ಸಾಲಿನಲ್ಲಿ ಮುಂದಿದ್ದ ಫಾದರ್ ಜೋಬಿಯ ಬೆನ್ನು ತಟ್ಟಿ, “ಮದುವೆಯ ಗುರುಗಳಿಗೆ ಅಧಿಕಾರ ಕೊಟ್ಟು ನನ್ನ ಮರ್ಯಾದೆ ಉಳಿಸಿದೆ” ಎಂದರು.

“ನಾನಾ? ನೀವು ಕೊಟ್ಟು ಹೋಗಿರಲಿಲ್ವಾ?”

“ನಾನು ಓಡಿದ್ದು ನೀನು ನೋಡಲಿಲ್ವಾ?”

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನನ್ನ ಬಾಯಿಯಲ್ಲಿದ್ದ ಸುಕ್ಕದ ತುಂಡು ಅಲ್ಲೇ ನಿಂತಿತು. ವೇದಿಕೆಯಲ್ಲಿ ಡೆನ್ಜಿಲ್ ಪ್ರೆಸಿಲ್ಲಾಳ ಬಾಯಿಗೆ ಕೇಕು ಇಡುತ್ತಿದ್ದ. ಅವರಿಬ್ಬರಿಗೂ ಮದುವೆ ಆಗಿರಲಿಲ್ಲ. ಆ ಹಾಲಿನಲ್ಲಿ ಇದು ಗೊತ್ತಿದ್ದವರು ನಾವು ಮೂವರು ಮಾತ್ರ.

ಫಾದರ್ ಜೋಬಿ ತಟ್ಟೆ ಕೆಳಗಿಟ್ಟು ಕಾನೂನು ತೆಗೆದರು. ಜನರೆಲ್ಲ ಅಧಿಕಾರ ಇದೆ ಎಂದೇ ನಂಬಿದ್ದಾಗ ಇಲ್ಲದ ಅಧಿಕಾರವನ್ನು ಧರ್ಮಸಭೆಯೇ ತುಂಬಿಕೊಡುತ್ತದೆ, ಹಾಗಾಗಿ ಮದುವೆ ಆಗಿರಲೂಬಹುದು ಎಂದರು. ಫಾದರ್ ಆಂಜೆಲೋ ಅವರ ಮುಖ ಕೆಂಪಾಯಿತು. “ಆಗಿರಲೂಬಹುದು ಅಂತ ಹೇಳಿ ಒಬ್ಬ ಹುಡುಗಿಯನ್ನ ಗಂಡನ ಮನೆಗೆ ಕಳಿಸ್ತೀಯಾ? ಆ ಇಬ್ಬರೂ ಇನ್ನೊಮ್ಮೆ ಒಪ್ಪಿಗೆ ಹೇಳ್ಬೇಕು. ಈಗಲೇ.”

ಈಗಲೇ ಎಂದರೆ ಈಗಲೇ. ನಮ್ಮ ಮದುವೆಯ ಕೊನೆಯಲ್ಲಿ ಹುಡುಗಿಯ ಕಡೆಯ ಹಿರಿಯರು ಅವಳ ಕೈಯನ್ನು ಅತ್ತೆಯ ಕೈಯಲ್ಲಿಟ್ಟು ಒಪ್ಪಿಸಿಕೊಡುವ ಶಾಸ್ತ್ರ ಉಂಟು. ಅದು ಆಗುವುದರೊಳಗೆ ಅವಳು ಹೆಂಡತಿ ಆಗಿರಬೇಕು. ಹೋಟೆಲಿನಲ್ಲಿ ಮದುವೆ ಮಾಡಿಸುವ ಹಾಗಿಲ್ಲ, ಪೂಜಾವಿಧಿ ಏನಿದ್ದರೂ ಕಾಂಪೌಂಡಿನ ಒಳಗೆ. ಮುಂದಿನ ಮೇಜಿನಲ್ಲಿ ವಿಸಿಟ್ ವೀಸಾದಲ್ಲಿ ಬಂದಿದ್ದ ಡೆನ್ಜಿಲನ ತಾಯಿ, ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದವರು, ಬಿಪಿ ಗುಳಿಗೆಯ ಡಬ್ಬಿ ಪಕ್ಕದಲ್ಲಿಟ್ಟೇ ಕುಳಿತಿದ್ದರು. ಬೆಕ್ಕು ಅಡ್ಡ ಬಂದರೂ ಅಪಶಕುನ ಎಂದು ಪ್ರಾರ್ಥನೆ ಹೇಳುವವರು. ಅವರಿಗೆ ತಿಳಿಯಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಉಪಾಯ ಹೊಳೆದದ್ದು ನನಗೇ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಕೇಕು, ಹಾರೈಕೆಯ ಟೋಸ್ಟು ಆದ ಮೇಲೆ ಮದುಮಗಳು ಬಿಳಿ ಗೌನು ಕಳಚಿ, ಗಂಡಿನ ಮನೆಯವರು ಕೊಟ್ಟ ಕೆಂಪು ಸೀರೆ ಉಟ್ಟು, ಮದುಮಗನ ಜೊತೆ ಮತ್ತೆ ಒಳಗೆ ಬರುತ್ತಾಳೆ. ಆ ಸೀರೆಗೆ ಸಾಡೊ ಎನ್ನುತ್ತೇವೆ. ಸಾಡೊ ಉಡಲು ಹೋದವಳು ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ಲೋಕದಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೂ ನೆರಿಗೆ ಕೂರುತ್ತಿಲ್ಲ ಎಂದರೆ ಮುಗಿಯಿತು.

ಸೀರೆ ಉಡುವ ಕೋಣೆಗೆ ಹೋಗಿ, ಬೇರೆಯವರನ್ನು ಹೊರಗೆ ಕಳಿಸಿ, ಡೆನ್ಜಿಲನನ್ನೂ ಕರೆಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೊಂಕಣಿಯಲ್ಲಿ ಆಡಿದ ಮಾತನ್ನು ನಮ್ಮೂರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಡೆನ್ಜಿಲ್ ತನ್ನ ಉಂಗುರ ನೋಡಿಕೊಂಡ. ಆಮೇಲೆ, “ಅಂದ್ರೆ ನಾನಿನ್ನೂ ಬ್ಯಾಚುಲರಾ ಆಂಟಿ?” ಎಂದ. ಪ್ರೆಸಿಲ್ಲಾ ಕೈಯಲ್ಲಿದ್ದ ಹೂಗುಚ್ಛದಿಂದ ಅವನ ಭುಜಕ್ಕೆ ಒಂದು ಬಾರಿಸಿದಳು. ಬಾರಿಸಿದವಳೇ ಗಂಭೀರಳಾಗಿ ಕೇಳಿದಳು. “ಮಾಮನಿಗೆ ಗೊತ್ತುಂಟಾ?”

ಮಾಮನಿಗೆ ಹೇಳುವ ಕೆಲಸ ನನ್ನ ತಲೆಗೇ ಬಂತು. ನೀನು ಅವರ ಭಾಷೆಯವಳು ಎಂದು ಹೇಳಿ ಇಬ್ಬರು ಗುರುಗಳೂ ಲಿಫ್ಟಿನ ಹತ್ತಿರ ಜಾರಿಕೊಂಡರು. ಫಾದರ್ ಲಿಗೋರಿ ಹಾಲಿನ ಹೊರಗೆ ಸೋಫಾದಲ್ಲಿ ಕುಳಿತು ಜ್ಯೂಸು ಕುಡಿಯುತ್ತಿದ್ದರು. ತೃಪ್ತಿಯಿಂದ ಕಾಲು ಅಲ್ಲಾಡಿಸುತ್ತಿದ್ದರು. ಆ ಮುಖ ನೋಡದೆ ಪಕ್ಕದಲ್ಲಿ ಕುಳಿತು ಹೇಳಿದೆ.

ಅವರು ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟು, ನಮ್ಮವರು ಹೆಂಗಸರನ್ನು ಕರೆಯುವ ಹಾಗೆ ‘ಬಾಯಿ’ ಎಂದು ಕರೆದು ಹೇಳಿದರು. “ಊರಲ್ಲಿ ಎಷ್ಟು ಜನರ ಮದುವೆ ಮಾಡಿಸಿದೆ ನಾನು. ನನ್ನ ಹುಡುಗಿಯದ್ದೇ ಹಾಳು ಮಾಡಿದೆ ಅಲ್ವಾ ಬಾಯಿ?”

“ಹಾಳೆಂತದ್ದು ಫಾದರ್? ಇನ್ನೊಮ್ಮೆ ಮಾಡಿಸಿದ್ರಾಯ್ತು. ಫಾದರ್ ಆಂಜೆಲೋ ಅಧಿಕಾರ ಕೊಡ್ತಾರೆ.”

“ನಾನು ಬರುದಿಲ್ಲ. ಅವರೇ ಮಾಡಿಸ್ಲಿ. ನನ್ನ ಕೈಗುಣ ಸರಿ ಇಲ್ಲ.”

ಅಷ್ಟು ಹೊತ್ತಿಗೆ ಕೋಣೆಯ ಬಾಗಿಲು ತೆರೆಯಿತು. ಪ್ರೆಸಿಲ್ಲಾ ಅರ್ಧ ಪಿನ್ನು ಹಾಕಿದ ಕೆಂಪು ಸೀರೆಯಲ್ಲೇ ಬಂದು, ಅವರ ಮುಂದೆ ನೆಲದ ಮೇಲೆ ಕುಳಿತಳು.

“ಮಾಮ, ನೀವು ಬರುದಿಲ್ಲಾಂದ್ರೆ ನಾನೀಗ ಟ್ಯಾಕ್ಸಿ ಹಿಡಿದು ಅಲ್ ಐನಿಗೆ ಹೋಗ್ತೇನೆ. ನಾಳೆ ಡ್ಯೂಟಿಗೆ ರಿಪೋರ್ಟ್ ಮಾಡ್ತೇನೆ. ಡೆನ್ಜಿಲ್ ಬ್ಯಾಚುಲರಾಗಿಯೇ ಇರ್ಲಿ.”

“ಹಠ ಮಾಡ್ಬೇಡ ಮಗಾ.”

“ಹಠ ಅಲ್ಲ. ಅಪ್ಪ ಇದ್ದಿದ್ರೆ ಚರ್ಚಿನ ಬಾಗಿಲಿಂದ ಅವರು ಕರ್ಕೊಂಡು ಬರ್ತಿದ್ರು. ಅವರಿಲ್ಲ. ನೀವೂ ಇಲ್ಲಾಂದ್ರೆ ನಂಗೆ ಯಾರುಂಟು?”

ಫಾದರ್ ಲಿಗೋರಿ ಎದ್ದು ನಿಂತು ಅವಳ ಸೆರಗು ಸರಿಮಾಡಿದರು. “ನಡಿ” ಎಂದರು, ಅಷ್ಟೇ. ನನಗೆ ಅಳುವುದಕ್ಕೆ ಪುರುಸೊತ್ತು ಎಲ್ಲಿ?

ಕೆಳಗೆ ಹಮೀದಣ್ಣನ ವ್ಯಾನು ನಿಂತಿತ್ತು. ಹಮೀದಣ್ಣ ಉಪ್ಪಿನಂಗಡಿಯ ಬ್ಯಾರಿ ಮುಸ್ಲಿಮರು, ನಮ್ಮ ಮಕ್ಕಳನ್ನು ಧರ್ಮಶಿಕ್ಷಣಕ್ಕೆ ಕರೆತರುವ ವ್ಯಾನು ಅವರದೇ. ಆ ದಿನ ಹುಡುಗಿಯ ಕಡೆಯವರನ್ನು ತಂದು ಬಿಟ್ಟು, ಕಾಯುತ್ತಾ ಕುಳಿತಿದ್ದರು. ಮದುಮಗ, ಮದುಮಗಳು, ಫಾದರು, ನಾನು ಹಿಂಬಾಗಿಲಿನಿಂದ ಓಡಿ ಬಂದು ಹತ್ತಿದ್ದು ನೋಡಿ ಕಣ್ಣು ಕಣ್ಣು ಬಿಟ್ಟರು.

“ಎಂತ ಬಾಯಮ್ಮ, ಮದುಮಕ್ಕಳನ್ನು ಕದ್ಕೊಂಡು ಹೋಗುದಾ?”

“ಚರ್ಚಿಗೆ ಬಿಡಿ ಹಮೀದಣ್ಣ. ಮದುವೆ ಉಂಟು.”

“ಮಧ್ಯಾಹ್ನ ಆದದ್ದೆಂತದು ಮತ್ತೆ?”

“ಅದು ಆಗಲಿಲ್ಲ.”

ಅವರು ಇನ್ನೊಂದು ಪ್ರಶ್ನೆ ಕೇಳದೆ ಗೇರು ಹಾಕಿದರು. ಎರಡು ಸಿಗ್ನಲ್ ದಾಟಿದ ಮೇಲೆ ತಡೆಯಲಾರದೆ, “ನಮ್ಮಲ್ಲಿ ನಿಖಾಹ್ ಒಮ್ಮೆ ಆಯ್ತು ಅಂದ್ರೆ ಖಲಾಸ್ ಮಾರಾಯ್ರೆ” ಎಂದರು. ಹಿಂದೆ ಡೆನ್ಜಿಲ್ ನಗತೊಡಗಿದ. ಪ್ರೆಸಿಲ್ಲಾ ನಗು ತಡೆದು ಪಿನ್ನು ಹಾಕಿಕೊಳ್ಳುತ್ತಿದ್ದಳು. ಮುಂದಿನ ಸೀಟಿನಲ್ಲಿ ಫಾದರ್ ಲಿಗೋರಿ ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದರು. ಶುಕ್ರವಾರ ಸಂಜೆಯ ಟ್ರಾಫಿಕ್ಕು, ಪ್ರತಿ ಸಿಗ್ನಲ್ಲೂ ನಮ್ಮನ್ನೇ ಕಾದು ಕೆಂಪಾಗುತ್ತಿತ್ತು. ಪಕ್ಕದ ಕಾರಿನ ಅರಬಿ ಹೆಂಗಸು ಕೆಂಪು ಸೀರೆಯ ಮದುಮಗಳನ್ನು ನೋಡಿ ಕೈಬೀಸಿ ‘ಮಬ್ರೂಕ್’ ಎಂದು ಶುಭ ಕೋರಿದಳು. ಇನ್ನೂ ಸ್ವಲ್ಪ ಹೊತ್ತು ಉಂಟಮ್ಮ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಶುಕ್ರವಾರ ಸಂಜೆ ನಮ್ಮ ಚರ್ಚು ಖಾಲಿ ಇರುವುದುಂಟೇ? ಗುರುಗಳಿಬ್ಬರೂ ನಮಗಿಂತ ಮೊದಲೇ ತಲುಪಿ ಬಾಗಿಲಲ್ಲಿ ಕಾಯುತ್ತಿದ್ದರು. ಮಲಯಾಳಿಗಳ ಪೂಜೆ ಮುಗಿದು ಜನ ಹೊರಗೆ ಬರುತ್ತಿದ್ದರು, ಫಿಲಿಪೀನ್ಸಿನವರು ಅವರ ಪೂಜೆಗಾಗಿ ಒಳಗೆ ನುಗ್ಗುತ್ತಿದ್ದರು. ಈ ಎರಡರ ನಡುವಿನ ಚಿಕ್ಕ ಬಿಡುವು, ಅದೇ ನಮ್ಮ ಮುಹೂರ್ತ. ಬದಿಯ ಬಾಗಿಲಿನಿಂದ ಒಳಗೆ ಹೋದೆವು.

ಫಾದರ್ ಆಂಜೆಲೋ ಆ ಇಟಲಿಯ ದೊಡ್ಡ ಕೈಗಳಲ್ಲಿ ಫಾದರ್ ಲಿಗೋರಿಯ ಎರಡೂ ಕೈ ಹಿಡಿದು, ಗಟ್ಟಿ ದನಿಯಲ್ಲಿ, “ಈ ಮದುವೆ ಮಾಡಿಸಲು ನಿಮಗೆ ಅಧಿಕಾರ ಕೊಟ್ಟಿದ್ದೇನೆ” ಎಂದರು. ನನಗೆ ಕೇಳಲಿ, ಫಾದರ್ ಜೋಬಿಗೆ ಕೇಳಲಿ ಎಂದು ಇನ್ನೊಮ್ಮೆ ಹೇಳಿದರು. ಆಮೇಲೆ, “ತಪ್ಪು ನಮ್ಮದು, ಕ್ಷಮಿಸಿ” ಎಂದು ಆ ಹಿರಿಯರ ಮುಂದೆ ತಲೆಬಾಗಿದರು. ನಾನು ಕಂಡ ಮೇಲಧಿಕಾರಿಗಳಲ್ಲಿ ತಪ್ಪನ್ನು ಕೆಳಗಿನವರ ತಲೆಗೆ ಕಟ್ಟದವರು ಕಡಿಮೆ. ಅವರಿಗೆ ಈ ಹೊತ್ತಿಗೂ ನನ್ನ ನಮಸ್ಕಾರ ಉಂಟು.

ಸಾಕ್ಷಿಗೆ ಇಬ್ಬರು ಬೇಕು. ಒಬ್ಬಳು ನಾನು. ಇನ್ನೊಬ್ಬರು ಯಾರು ಎಂದು ತಿರುಗಿ ನೋಡಿದರೆ, ಮುಂದಿನ ಬೆಂಚಿನಲ್ಲಿ ಗಿಟಾರು ಹಿಡಿದು ಕುಳಿತಿದ್ದ ಫಿಲಿಪೀನ್ಸಿನ ಹೆಂಗಸೊಬ್ಬಳು ಆಗಲೇ ಎದ್ದು ನಿಂತಿದ್ದಳು. ಏನು, ಯಾಕೆ ಎಂದು ಅವಳು ಕೇಳಲಿಲ್ಲ. ಮದುವೆಯೆಂದ ಮೇಲೆ ಕೇಳುವುದೇನು ಎಂಬಂತೆ ಬಂದು ಪ್ರೆಸಿಲ್ಲಾಳ ಪಕ್ಕದಲ್ಲಿ ನಿಂತಳು.

ಆಗ ತಿಳಿಯಿತು, ಕೊಂಕಣಿ ಪುಸ್ತಕ ಹೋಟೆಲಿನಲ್ಲೇ ಉಳಿದಿದೆ. ಫಾದರ್ ಲಿಗೋರಿ ಒಂದು ಕ್ಷಣ ಬರಿಗೈ ನೋಡಿಕೊಂಡರು. ಆಮೇಲೆ ಪುಸ್ತಕವಿಲ್ಲದೆಯೇ, ಪ್ರೆಸಿಲ್ಲಾಳ ಮುಖವನ್ನೇ ನೋಡುತ್ತಾ, ಮನೆಯ ಜಗಲಿಯಲ್ಲಿ ಕುಳಿತು ಮಾತಾಡುವ ದನಿಯಲ್ಲಿ ಕೇಳಿದರು. ಯಾರ ಒತ್ತಾಯವೂ ಇಲ್ಲದೆ, ಸಂತೋಷದ ಮನಸ್ಸಿನಿಂದ ಬಂದಿದ್ದೀಯಾ ಮಗಾ ಎಂದು. ಅವಳು ಹೌದು ಎಂದಳು. ಡೆನ್ಜಿಲನನ್ನು ಕೇಳಿದರು. ಅವನು ಹೇಳಿದ ‘ಹೌದು’ ಹಿಂದಿನ ಬೆಂಚಿನವರೆಗೂ ಕೇಳಿಸಿತು. ಇಬ್ಬರೂ ಕೈಹಿಡಿದು ಮಾತು ಕೊಟ್ಟರು. ಒಂದು ಶಬ್ದವೂ ಅರ್ಥವಾಗದ ಆ ಫಿಲಿಪೀನ್ಸಿನ ಜನ, ಮುಗಿಯಿತು ಎಂದು ತಿಳಿದದ್ದೇ ಎದ್ದು ಚಪ್ಪಾಳೆ ತಟ್ಟಿದರು. ಗಿಟಾರಿನ ಹೆಂಗಸು ಹಾಡು ಶುರು ಮಾಡಿದಳು, ಇಡೀ ಚರ್ಚು ದನಿಗೂಡಿಸಿತು. ನಾವು ಮಧ್ಯಾಹ್ನ ಕರೆದ ಮಂದಿಗಿಂತ ಹೆಚ್ಚು ಜನ ಕರೆಯದೆಯೇ ಈ ಮದುವೆಗೆ ಬಂದಿದ್ದರು. ಯಾರೂ ಊರಿನವರಲ್ಲ, ಎಲ್ಲರೂ ನೆಂಟರು. ಇಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ, ಗಂಡನಿಗೆ ಇದನ್ನು ಹೇಳಿಯೂ ಇದ್ದೇನೆ.

ಹಿಂತಿರುಗುವಾಗ ವ್ಯಾನಿನಲ್ಲಿ ಫಾದರ್ ಲಿಗೋರಿ ಮುಂದಿನ ಸೀಟಿನಿಂದ ನನ್ನ ಕಡೆ ತಿರುಗಿದರು.

“ಬಾಯಿ, ಮಧ್ಯಾಹ್ನ ಪುಸ್ತಕದ ಗೆರೆ ತಪ್ಪಬಾರ್ದು ಅನ್ನುವ ಹೆದರಿಕೆಯಲ್ಲಿ ಅವಳು ಹೌದು ಹೇಳಿದ್ದು ನಂಗೆ ಕೇಳಲೇ ಇಲ್ಲ. ಈಗ ಕೇಳಿತು.”

ಹಾಲಿಗೆ ಬಂದಾಗ ನಿರೂಪಕ ಜೋಕುಗಳೆಲ್ಲ ಖಾಲಿಯಾಗಿ, ಮಕ್ಕಳನ್ನು ವೇದಿಕೆಗೆ ಕರೆದು ಹಾಡು ಹೇಳಿಸುತ್ತಿದ್ದ. ಡೆನ್ಜಿಲನ ತಾಯಿ ಮುಖ ಗಂಟು ಹಾಕಿಕೊಂಡಿದ್ದರು. “ಇಷ್ಟು ಹೊತ್ತಾ ಒಂದು ಸೀರೆಗೆ?” ಎಂದು ನನ್ನನ್ನೇ ಕೇಳಿದರು. “ಈಗಿನ ಹುಡುಗಿಯರಿಗೆ ನೆರಿಗೆ ಹಿಡಿಯಲಿಕ್ಕೆ ಬರುದಿಲ್ಲ ದೊಡ್ಡಮ್ಮ” ಎಂದೆ. ಅವರಿಗೆ ತೃಪ್ತಿಯಾಯಿತು, ತಮ್ಮ ಕಾಲದಲ್ಲಿ ತಾವು ಎಷ್ಟು ಬೇಗ ಉಟ್ಟೆವು ಎಂದು ಹೇಳತೊಡಗಿದರು.

ಒಪ್ಪಿಸಿಕೊಡುವ ಹೊತ್ತು ಬಂತು. ಬ್ಯಾಂಡು ನಿಂತಿತು, ಹೆಂಗಸರು ಕರವಸ್ತ್ರ ತೆಗೆದರು. ಫಾದರ್ ಲಿಗೋರಿ ಪ್ರೆಸಿಲ್ಲಾಳ ಕೈ ಹಿಡಿದು ಅತ್ತೆಯ ಮುಂದೆ ಬಂದು ನಿಂತರು. ನಮ್ಮ ಮಗಳನ್ನು ನಿಮ್ಮ ಮಗಳೆಂದು ನೋಡಿಕೊಳ್ಳಿ ಎಂದು ಹೇಳಿ ಕೈ ಕೊಡಬೇಕು, ಅಷ್ಟೇ. ಅವರು ಕೊಡಲಿಲ್ಲ. ಕೈಯನ್ನು ಹಾಗೆಯೇ ಹಿಡಿದುಕೊಂಡು ಹಾಲಿನ ಮೂಲೆಯ ಮೇಜಿನ ಕಡೆ ತಿರುಗಿದರು. ಅಲ್ಲಿ ಫಾದರ್ ಆಂಜೆಲೋ ಕೊನೆಗೂ ಸಿಕ್ಕ ‘ಸಣ್ಣ’ವನ್ನು ಬಾಯಿಗೆ ತುಂಬಿಕೊಂಡಿದ್ದರು.

“ಫಾದರ್” ಎಂದು ಎಲ್ಲರೆದುರು ಇಂಗ್ಲಿಷಿನಲ್ಲಿ ಕೂಗಿ ಕೇಳಿದರು ಫಾದರ್ ಲಿಗೋರಿ, “ಕೊಡಬಹುದಾ?”

ಯಾಕೆ ಕೇಳಿದರೆಂದು ಇಡೀ ಹಾಲಿಗೆ ಅರ್ಥವಾಗಲಿಲ್ಲ. ಪ್ರೆಸಿಲ್ಲಾ ಮಾಮನ ಭುಜಕ್ಕೆ ಮುಖ ಒತ್ತಿ ನಗುತ್ತಾ ಅಳುತ್ತಿದ್ದಳು. ಬಾಯಲ್ಲಿ ತುತ್ತು ತುಂಬಿದ್ದರಿಂದ ಮಾತಾಡಲಾಗದೆ, ಫಾದರ್ ಆಂಜೆಲೋ ಎದ್ದು ನಿಂತು ಎರಡೂ ಕೈ ಮೇಲೆತ್ತಿ ತಲೆಯಾಡಿಸಿದರು. ಅದನ್ನು ನೋಡಿಯೇ ಫಾದರ್ ಲಿಗೋರಿ ಆ ಕೈಯನ್ನು ಅತ್ತೆಗೆ ಬಿಟ್ಟುಕೊಟ್ಟರು.